ಬಿಳಿಯ ಲ್ಯಾವೆಂಡರು ಮತ್ತು ನಮ್ಮ ಬದುವಿನ ಗಿಡ

ಅಕ್ಕಲಕೋಟೆ ತಾಲೂಕಿನ ಒಂದು ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ಸಾಬೂನಿನ ಹೊದಿಕೆಯ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು ನನ್ನ ಬಳಿಗೆ ಬಂದಳು. ಕಾಗದದ ಮೇಲೆ ನೇರಳೆ ಬಣ್ಣದ ಹೂತೆನೆಗಳ ಚಿತ್ರವಿತ್ತು. “ಸರ್, ಲ್ಯಾವೆಂಡರ್ ಅಂದ್ರ ನಮ್ಮ ಲಾವಂಚ ಏನ್ರಿ?” ಎಂದು ಕೇಳಿದಳು. ಪಕ್ಕದಲ್ಲಿದ್ದ ಹುಡುಗ ಸುಮ್ಮನಿರಲಿಲ್ಲ. “ಅಲ್ರೀ ಸರ್, ಅದು ಇಂಗ್ಲಿಷರ ಹೂವು. ಬಿಳೀದೂ ಇರ್ತದಂತ. ನಮ್ಮ ಕಾಕಾನ ತೋಟದ ಪುಸ್ತಕದಾಗ ಅದ. ನಮ್ಮ ಸಾಲಿ ಅಂಗಳದಾಗ ಹಚ್ಚಿದ್ರ ಬರ್ತದೇನ್ರಿ?” ಎಂದ.

ಇಬ್ಬರು ಮಕ್ಕಳ ಈ ಮಾತುಗಳಲ್ಲಿ ಮೂರು ಪ್ರಶ್ನೆಗಳಿವೆ. ಲ್ಯಾವೆಂಡರು ಲಾವಂಚವೇ? ಅದು ನಿಜವಾಗಿಯೂ ಇಂಗ್ಲಿಷರ ಗಿಡವೇ? ಬಿಳಿಯ ಹೂವಿನ ಆ ಜಾತಿ ಸೊಲ್ಲಾಪುರ ಸೀಮೆಯ ನೆಲದಲ್ಲಿ ಬೆಳೆದೀತೇ? ಇವಕ್ಕೆ ಉತ್ತರ ಹುಡುಕುತ್ತ ಹೋದಾಗ, ಅವರು ಕೇಳದಿದ್ದ ನಾಲ್ಕನೆಯ ಪ್ರಶ್ನೆಯೊಂದು ಎದುರಾಯಿತು. ಈ ಲೇಖನದ ಮುಖ್ಯ ವಿಷಯ ಆ ನಾಲ್ಕನೆಯ ಪ್ರಶ್ನೆಯೇ ಆಗಿದೆ.

ಮೊದಲನೆಯದಕ್ಕೆ ಉತ್ತರ ಸುಲಭ. ಲಾವಂಚ ಹುಲ್ಲಿನ ಕುಲಕ್ಕೆ ಸೇರಿದ್ದು. ಅದರ ಪರಿಮಳವಿರುವುದು ಬೇರಿನಲ್ಲಿ. ಸಂಸ್ಕೃತದಲ್ಲಿ ಲಾಮಜ್ಜಕವೆಂಬ ಹೆಸರುಂಟು. ಮರಾಠಿಯಲ್ಲಿ ಅದು ವಾಳಾ. ಲ್ಯಾವೆಂಡರು ತುಳಸಿಯ ಕುಟುಂಬದ ಪೊದೆಗಿಡ. ಅದರ ಪರಿಮಳವಿರುವುದು ಹೂತೆನೆಯಲ್ಲಿ ಮತ್ತು ಎಲೆಯಲ್ಲಿ. ಲ್ಯಾಟಿನ್ ಭಾಷೆಯಲ್ಲಿ ‘ತೊಳೆ’ ಎಂಬರ್ಥದ ‘ಲವಾರೆ’ ಎಂಬ ಕ್ರಿಯಾಪದದಿಂದ ಆ ಹೆಸರು ಬಂದಿತೆಂದು ಹಲವರೂ, ‘ನೀಲಿಯಾಗು’ ಎಂಬರ್ಥದ ಬೇರೊಂದು ಧಾತುವಿನಿಂದ ಬಂದಿತೆಂದು ಕೆಲವರೂ ಹೇಳುತ್ತಾರೆ. ಎರಡು ಹೆಸರುಗಳ ಧ್ವನಿಸಾಮ್ಯ ಆಕಸ್ಮಿಕವಾದುದು.

ಆದರೂ ಆ ಹುಡುಗಿಯ ಊಹೆಯನ್ನು ನಕ್ಕು ತಳ್ಳಿಬಿಡುವಂತಿಲ್ಲ. ಹೆಸರು ಬೇರೆಯಾದರೂ ಇವೆರಡೂ ಮನೆಯಲ್ಲಿ ಮಾಡುವ ಕೆಲಸ ಒಂದೇ. ಇಂಗ್ಲೆಂಡಿನ ಗೃಹಿಣಿಯರು ಒಣಗಿದ ಲ್ಯಾವೆಂಡರಿನ ಹೂಗಳನ್ನು ಚಿಕ್ಕ ಅರಿವೆಯ ಚೀಲಗಳಲ್ಲಿ ಕಟ್ಟಿ ಬಟ್ಟೆಯ ಪೆಟ್ಟಿಗೆಯಲ್ಲಿಡುತ್ತಿದ್ದರು; ನುಸಿ ಬಾರದಿರಲೆಂಬುದೂ ಬಟ್ಟೆಗೆ ವಾಸನೆ ಹಿಡಿಯಲೆಂಬುದೂ ಅವರ ಉದ್ದೇಶ. ನಮ್ಮ ಮನೆಗಳಲ್ಲಿ ಲಾವಂಚದ ಬೇರನ್ನೂ ಒಣಗಿದ ಬೇವಿನ ಎಲೆಯನ್ನೂ ಟ್ರಂಕಿನಲ್ಲಿ ಸೀರೆಗಳ ಮಡಿಕೆಯ ನಡುವೆ ಇಡುತ್ತ ಬಂದಿದ್ದಾರೆ. ಸೊಲ್ಲಾಪುರವೆಂದರೆ ಬಟ್ಟೆಯ ಊರು. ೧೮೭೭ರಲ್ಲಿ ಇಲ್ಲಿ ಮೊದಲ ನೂಲಿನ ಗಿರಣಿ ಕೆಲಸವನ್ನಾರಂಭಿಸಿತು. ಇಲ್ಲಿಯ ಚಾದರಿನ ಹೆಸರು ದೇಶದಲ್ಲೆಲ್ಲ ಹಬ್ಬಿದೆ. ಮಡಿಸಿಟ್ಟ ಬಟ್ಟೆಯನ್ನು ಕಾಯುವ ಗಿಡದ ಬಗೆಗೆ ಈ ಊರಿನ ಮಕ್ಕಳಿಗೆ ಕುತೂಹಲ ಹುಟ್ಟಿದರೆ ಅದರಲ್ಲಿ ಆಶ್ಚರ್ಯಪಡುವಂಥದೇನೂ ಇಲ್ಲ.

ಇನ್ನು ಎರಡನೆಯ ಪ್ರಶ್ನೆ. ಲ್ಯಾವೆಂಡರಿನ ಪ್ರಭೇದಗಳು ಜಗತ್ತಿನಲ್ಲಿ ನಲವತ್ತಕ್ಕೂ ಹೆಚ್ಚು. ಅವುಗಳಲ್ಲಿ ‘ಇಂಗ್ಲಿಷ್ ಲ್ಯಾವೆಂಡರು’ ಎಂದು ಅಂಗಡಿಗಳಲ್ಲಿ ಮಾರುವ ಗಿಡಕ್ಕೆ ಶಾಸ್ತ್ರದಲ್ಲಿ ಲವಾಂಡುಲಾ ಅಂಗುಸ್ಟಿಫೋಲಿಯಾ ಎಂದು ಹೆಸರು. ಅಂಗುಸ್ಟಿಫೋಲಿಯಾ ಎಂದರೆ ಸಪೂರಾದ ಎಲೆಯುಳ್ಳದ್ದು. ಲಂಡನ್ನಿನ ಚೆಲ್ಸಿಯ ಔಷಧಿವನದ ತೋಟಗಾರನಾಗಿದ್ದ ಫಿಲಿಪ್ ಮಿಲ್ಲರನು ೧೭೬೮ರಲ್ಲಿ ಈ ಹೆಸರನ್ನು ಕೊಟ್ಟನು. ಹೆಸರು ಲಂಡನ್ನಿನಲ್ಲಿ ದೊರೆಯಿತು, ಗಿಡ ಮಾತ್ರ ಅಲ್ಲಿಯದಲ್ಲ. ಅದರ ತವರು ಭೂಮಧ್ಯ ಸಮುದ್ರದ ಉತ್ತರದಲ್ಲಿರುವ ಬೆಟ್ಟಗಳು: ದಕ್ಷಿಣ ಫ್ರಾನ್ಸ್, ಇಟಲಿ ಮತ್ತು ಸ್ಪೇನ್ ದೇಶಗಳ ಸುಣ್ಣಕಲ್ಲಿನ, ಬಿಸಿಲಿನ, ಚಳಿಗಾಲದಲ್ಲಿ ಹಿಮ ಬೀಳುವ ಇಳಿಜಾರುಗಳು. ರೋಮನರು ಅದನ್ನು ಬ್ರಿಟನ್ನಿಗೆ ಒಯ್ದರೆಂಬ ಹೇಳಿಕೆಯುಂಟು. ಹೇಗೆಯೇ ಹೋಗಿರಲಿ, ಅಲ್ಲಿಯ ಜನ ಅದನ್ನು ಮಠಗಳ ತೋಟದಲ್ಲಿ, ಬಳಿಕ ಮನೆಯಂಗಳದಲ್ಲಿ ಬೆಳೆಸಿದರು. ಸರೆ ಪ್ರಾಂತದ ಮಿಚಮ್ ಎಂಬ ಊರು ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳಲ್ಲಿ ಲ್ಯಾವೆಂಡರಿನ ಹೊಲಗಳಿಗಾಗಿಯೇ ಹೆಸರಾಯಿತು. ನೂರಾರು ವರ್ಷ ಸಾಕಿದ್ದರಿಂದ ಪರದೇಶದ ಗಿಡಕ್ಕೆ ಸಾಕಿದವರ ಹೆಸರೇ ನಿಂತುಹೋಯಿತು.

ಬಿಳಿಯ ಬಣ್ಣದ ಜಾತಿಗೂ ಹಳೆಯ ಚರಿತ್ರೆಯಿದೆ. ಜಾನ್ ಜೆರಾರ್ಡನು ೧೫೯೭ರಲ್ಲಿ ಪ್ರಕಟಿಸಿದ ಸಸ್ಯಗ್ರಂಥದಲ್ಲಿ ಬಿಳಿ ಹೂವಿನ ಲ್ಯಾವೆಂಡರಿನ ಪ್ರಸ್ತಾಪವಿದೆ. ಇಂಗ್ಲೆಂಡಿನ ಅರಸ ಒಂದನೆಯ ಚಾರ್ಲ್ಸನ ರಾಣಿ ಹೆನ್ರಿಯೆಟ್ಟಾ ಮರಿಯಾ ಎಂಬವಳು ಫ್ರಾನ್ಸಿನ ರಾಜಪುತ್ರಿ. ೧೬೪೯ರಲ್ಲಿ ಅರಸನಿಗೆ ಮರಣದಂಡನೆಯಾದ ಬಳಿಕ ಪಾರ್ಲಿಮೆಂಟಿನವರು ಅವಳ ವಿಂಬಲ್ಡನ್ ಅರಮನೆಯ ಆಸ್ತಿಯನ್ನು ಅಳತೆ ಮಾಡಿಸಿದರು. ಆ ಪಟ್ಟಿಯಲ್ಲಿ ತೋಟದ ಅಂಚುಗಳಿಗೆ ನೆಟ್ಟ ಗಿಡಗಳ ಹೆಸರು ಬರೆಯುವಾಗ ಬಿಳಿಯ ಲ್ಯಾವೆಂಡರನ್ನೂ ಬರೆದಿದ್ದಾರೆ. ರಾಣಿಯೂ ಸಮುದ್ರ ದಾಟಿ ಬಂದವಳು, ಗಿಡವೂ ಸಮುದ್ರ ದಾಟಿ ಬಂದುದು. ನಮ್ಮ ಕಡೆಯ ಚರಿತ್ರೆಯೊಡನೆ ಹೊಂದಿಸಿ ನೋಡುವುದಾದರೆ, ಸೊಲ್ಲಾಪುರದ ಕೋಟೆ ಆಗ ವಿಜಾಪುರದ ಆಳ್ವಿಕೆಯಲ್ಲಿತ್ತು. ವಿಜಾಪುರದಲ್ಲಿ ಮಹಮ್ಮದ ಆದಿಲಶಾಹನ ಗೋಳಗುಮ್ಮಟ ಏಳುತ್ತಿತ್ತು.

ಹೂವು ಬಿಳಿದಾಗುವುದೇಕೆ? ನೇರಳೆಯ ಬಣ್ಣವನ್ನು ಕೊಡುವ ಆಂಥೋಸಯನಿನ್ ಎಂಬ ದ್ರವ್ಯ ಕೆಲವು ಗಿಡಗಳಲ್ಲಿ ಹುಟ್ಟುವುದಿಲ್ಲ. ಹುಟ್ಟುವಾಗಲೇ ಬಂದ ಈ ವ್ಯತ್ಯಾಸವನ್ನು ತೋಟಗಾರರು ಕಂಡು, ಮೆಚ್ಚಿ, ಕಾಪಾಡಿಕೊಂಡು ಬಂದರು. ಬಿಳಿಯ ಗಿಡದ ಬೀಜ ಬಿತ್ತಿದರೆ ಹುಟ್ಟುವ ಸಸಿಗಳೆಲ್ಲ ಬಿಳಿಯ ಹೂವನ್ನೇ ಬಿಡುವವೆಂಬ ಭರವಸೆಯಿಲ್ಲ. ಆದುದರಿಂದ ರೆಂಬೆಯ ತುಂಡನ್ನು ನೆಟ್ಟೇ ಅದನ್ನು ಮುಂದುವರಿಸಬೇಕು. ಜೆರಾರ್ಡನ ಕಾಲದಿಂದ ನಾಲ್ಕುನೂರು ವರ್ಷಗಳಾದವು. ಇಷ್ಟು ಕಾಲವೂ ಬಿಳಿಯ ಲ್ಯಾವೆಂಡರು ಉಳಿದಿರುವುದು ಒಂದು ತಲೆಮಾರಿನವರು ಮುಂದಿನ ತಲೆಮಾರಿನವರಿಗೆ ತುಂಡುಗಳನ್ನು ಕೈಯಾರೆ ಕೊಡುತ್ತ ಬಂದುದರಿಂದಲೇ.

ಇಷ್ಟನ್ನು ಓದಿದವರು, ನಮ್ಮ ಸೀಮೆಯವರು ಪರಿಮಳದ ಗಿಡಗಳ ವಿಷಯದಲ್ಲಿ ಹಿಂದುಳಿದವರೆಂದು ತಿಳಿಯಬಾರದು. ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು ಸುಮಾರು ೧೦೨೫ರಲ್ಲಿ ಬರೆದ ‘ಲೋಕೋಪಕಾರ’ವೆಂಬ ಕನ್ನಡ ಗ್ರಂಥದಲ್ಲಿ ಗಿಡಮರಗಳ ಆರೈಕೆಯನ್ನು ಹೇಳುವ ವೃಕ್ಷಾಯುರ್ವೇದವೂ ಉಂಟು, ಪರಿಮಳದ್ರವ್ಯಗಳನ್ನು ಸಿದ್ಧಪಡಿಸುವ ವಿಧಾನವೂ ಉಂಟು. ಅದಾದ ನೂರು ವರ್ಷಗಳಿಗೆ ಕಲ್ಯಾಣದ ಅರಸ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿಯೂ ಸುಗಂಧಗಳ ವಿಚಾರ ವಿಸ್ತಾರವಾಗಿ ಬಂದಿದೆ. ಆ ಕಲ್ಯಾಣ ಅಕ್ಕಲಕೋಟೆಗೆ ದೂರದ ಊರಲ್ಲ. ಅದೇ ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮನು ಕೆರೆಯನ್ನು ಕಟ್ಟಿಸಿ ಈ ಒಣಸೀಮೆಗೆ ನೀರಿನ ಆಸರೆಯನ್ನೊದಗಿಸಿದನು. ಮುಂದೆ ವಿಜಾಪುರದ ಎರಡನೆಯ ಇಬ್ರಾಹಿಮ ಆದಿಲಶಾಹನ ಕಾಲದಲ್ಲಿ ‘ಇತ್ರ್-ಎ-ನೌರಸ್‌ಶಾಹಿ’ ಎಂಬ ಹೆಸರಿನಿಂದ ಪರಿಮಳಗಳನ್ನು ಕುರಿತ ಪಾರಸಿ ಗ್ರಂಥವೊಂದು ಹುಟ್ಟಿತು. ಕನ್ನಡ, ಸಂಸ್ಕೃತ, ಪಾರಸಿ ಎಂಬ ಮೂರು ಭಾಷೆಗಳಲ್ಲಿ ಪರಿಮಳದ ಶಾಸ್ತ್ರವನ್ನು ಬರೆಯಿಸಿದ ನಾಡು ನಮ್ಮ ಸುತ್ತಲಿನದು.

ಮನೆಯ ಹಿತ್ತಿಲಲ್ಲಿಯೂ ಆ ಪರಂಪರೆ ಉಳಿದಿದೆ. ಚೈತ್ರದ ಹುಣ್ಣಿಮೆಯನ್ನು ನಾವು ದವನದ ಹುಣ್ಣಿಮೆಯೆನ್ನುತ್ತೇವೆ. ಮರಾಠಿಯ ನೆರೆಯವರಿಗೂ ದವಣಾ ಪ್ರಿಯವಾದುದೇ. ಮರುಗ ಅವರಲ್ಲಿ ಮರವಾ ಆಗಿದೆ; ನಮ್ಮ ಕಾಮಕಸ್ತೂರಿ ಅವರ ಸಬ್ಜಾ; ನಮ್ಮ ದೊಡ್ಡಪತ್ರೆ ಅವರ ಪಾನ್‌ಓವಾ. ಇವುಗಳಲ್ಲಿ ದವನವನ್ನು ಬಿಟ್ಟು ಉಳಿದವೆಲ್ಲ ಲ್ಯಾವೆಂಡರಿನ ದಾಯಾದಿಗಳು. ಮರುಗವಂತೂ ಲ್ಯಾವೆಂಡರಿನಂತೆಯೇ ಪರಸ್ಥಳದ್ದು. ಅದರ ಕಾಡುತವರು ಸೈಪ್ರಸ್ ದ್ವೀಪ ಮತ್ತು ದಕ್ಷಿಣ ತುರ್ಕಿ. ಇಂದು ಮರುಗವಿಲ್ಲದ ಹೂದಂಡೆ ದಂಡೆಯೇ ಅಲ್ಲವೆನ್ನುವ ನಮ್ಮ ತಾಯಂದಿರಿಗೆ ಅದು ಪರದೇಶದ ಗಿಡವೆಂದು ಹೇಳಿದರೆ ನಂಬಲಾರರು. ಅದಕ್ಕೆ ಕನ್ನಡದಲ್ಲಿ ಹೆಸರು ದೊರೆಯಿತು, ಹಿತ್ತಿಲಲ್ಲಿ ಮಡಿ ದೊರೆಯಿತು, ಅದು ನಮ್ಮದಾಯಿತು. ಆದ್ದರಿಂದ ಹೊರಗಿನ ಗಿಡವನ್ನು ತರುವುದರಲ್ಲಿ ತಪ್ಪೇನೂ ಇಲ್ಲ.

ಈಗ ನಾಲ್ಕನೆಯ ಪ್ರಶ್ನೆಗೆ ಬರೋಣ. ನಮ್ಮ ನೆಲದಲ್ಲಿ ತಾನಾಗಿ ಬೆಳೆಯುವ ಲ್ಯಾವೆಂಡರು ಇದೆಯೇ? ಇದೆ. ದಖ್ಖನಿನ ಕಲ್ಲುನೆಲಗಳಲ್ಲಿ, ಬೀಳುಬಿಟ್ಟ ಹೊಲಗಳಲ್ಲಿ, ಮಳೆಗಾಲ ಮುಗಿಯುತ್ತ ಬರುವಾಗ ಮೊಳಕಾಲಿನಿಂದ ಸೊಂಟದವರೆಗೆ ಎತ್ತರವಾಗಿ ನೆಟ್ಟಗೆ ನಿಲ್ಲುವ ಒಂದು ಗಿಡವುಂಟು. ಕಾಂಡ ನಾಲ್ಕು ಮೂಲೆಯದು. ಎಲೆ ಸೀಳಿ, ಸೀಳಿದ್ದು ಮತ್ತೆ ಸೀಳಿ ಗರಿಯಂತಾಗಿದೆ. ಉದ್ದನೆಯ ದೇಟಿನ ತುದಿಗೆ ಸಣ್ಣ ತೆನೆ. ತೆನೆಯಲ್ಲಿ ಎರಡು ತುಟಿಗಳ ಚಿಕ್ಕ ಹೂಗಳು. ಹೂವಿನ ಬಣ್ಣ ಬಿಳಿದು, ಇಲ್ಲವೆ ಬಿಳಿಯಲ್ಲಿ ತೆಳುನೀಲಿ. ಮರಾಠಿಯಲ್ಲಿ ಅದನ್ನು ಘೋಡೆಘುಯಿ ಎನ್ನುತ್ತಾರೆ. ಶಾಸ್ತ್ರದ ಹೆಸರು ಲವಾಂಡುಲಾ ಬೈಪಿನ್ನೇಟಾ, ಎಂದರೆ ಎರಡು ಸಲ ಗರಿಗರಿಯಾಗಿ ಸೀಳಿದ ಎಲೆಯ ಲ್ಯಾವೆಂಡರು. ಬಿಳಿಯ ಲ್ಯಾವೆಂಡರಿಗಾಗಿ ನಾವು ವಿಂಬಲ್ಡನ್ನಿನವರೆಗೆ ಹೋಗಿ ಬಂದೆವು. ಅದರ ಬಂಧು ನಮ್ಮ ದಖ್ಖನಿನ ಬಯಲಿನಲ್ಲಿಯೇ ಇತ್ತು.

ಈ ಗಿಡ ಶಾಸ್ತ್ರದ ಪುಸ್ತಕವನ್ನು ಸೇರಿದ ಕಥೆಯಲ್ಲಿ ಕರ್ನಾಟಕದ ಪಾಲೂ ಇದೆ. ಬೆಂಜಮಿನ್ ಹೈನೆ ಎಂಬ ಜರ್ಮನ್ ವೈದ್ಯನು ತರಂಗಂಬಾಡಿಗೆ ಬಂದು, ಮುಂದೆ ಮದರಾಸು ಸರಕಾರದ ಸಸ್ಯಶಾಸ್ತ್ರಜ್ಞನಾದನು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಕರ್ನಲ್ ಮೆಕೆಂಝಿಯ ಮೈಸೂರು ಸರ್ವೇಕ್ಷಣೆಯಲ್ಲಿ ಅವನೂ ಇದ್ದನು. ಬೆಂಗಳೂರಿನ ಲಾಲಬಾಗು ಕೆಲಕಾಲ ಅವನ ಉಸ್ತುವಾರಿಯಲ್ಲಿತ್ತು. ಅವನು ದಕ್ಷಿಣ ಭಾರತದಲ್ಲಿ ಸಂಗ್ರಹಿಸಿ ಒಣಗಿಸಿದ ಗಿಡಗಳು ಜರ್ಮನಿಯ ರೋಥ್ ಎಂಬ ವೈದ್ಯನ ಕೈ ಸೇರಿದವು. ಭಾರತವನ್ನು ಎಂದೂ ಕಾಣದ ರೋಥನು ಆ ಒಣಗಿಡಗಳನ್ನು ಆಧರಿಸಿ ೧೮೨೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಮ್ಮ ಈ ಗಿಡವನ್ನು ಬೇರೊಂದು ಕುಲದ ಹೆಸರಿನಿಂದ ವರ್ಣಿಸಿದನು. ಹೈನೆ ೧೮೧೯ರಲ್ಲಿಯೇ ತೀರಿಕೊಂಡಿದ್ದನು. ಗಿಡಕ್ಕೆ ಈಗಿನ ಹೆಸರು ಬಂದುದು ೧೮೯೧ರಲ್ಲಿ, ಕುಂಟ್ಜೆ ಎಂಬ ಇನ್ನೊಬ್ಬ ಜರ್ಮನ್ ಸಸ್ಯಜ್ಞನಿಂದ.

ಈ ನಡುವೆ, ೧೮೧೮ರ ಮೇ ತಿಂಗಳಲ್ಲಿ, ಥಾಮಸ್ ಮನ್ರೋನ ಸೈನ್ಯ ಸೊಲ್ಲಾಪುರದ ಕೋಟೆಯನ್ನು ಹಿಡಿದಿತ್ತು. ಪೇಶ್ವೆಯ ಸೀಮೆಯೆಲ್ಲ ಕಂಪನಿಯ ಕೈಗೆ ಬಂದಿತ್ತು. ರಾಜ್ಯದ ಬೆನ್ನಹಿಂದೆ ಸಸ್ಯಶೋಧವೂ ಬಂದಿತು. ಪುಣೆಯ ಬಳಿಯ ದಾಪುರಿಯಲ್ಲಿ ೧೮೨೮ರಲ್ಲಿ ಸರಕಾರಿ ಸಸ್ಯೋದ್ಯಾನ ಸ್ಥಾಪಿತವಾಯಿತು. ೧೮೩೮ರಿಂದ ೧೮೪೭ರವರೆಗೆ ಅದರ ಮೇಲ್ವಿಚಾರಕನಾಗಿದ್ದ ಅಲೆಕ್ಸಾಂಡರ್ ಗಿಬ್ಸನ್ ಎಂಬ ವೈದ್ಯನು ಬಳಿಕ ಮುಂಬಯಿ ಇಲಾಖೆಯ ಅರಣ್ಯಗಳ ಮೊದಲ ಸಂರಕ್ಷಕನಾದನು. ಸಹ್ಯಾದ್ರಿಯಲ್ಲಿ ಬೆಳೆಯುವ ಇನ್ನೊಂದು ಲ್ಯಾವೆಂಡರಿಗೆ ಅವನ ಹೆಸರೇ ಇದೆ: ಲವಾಂಡುಲಾ ಗಿಬ್ಸೊನಿಯೈ. ಜಾನ್ ಗ್ರಹಾಮನು ೧೮೩೯ರ ತನ್ನ ಮುಂಬಯಿ ಸಸ್ಯಸೂಚಿಯಲ್ಲಿ ಹಾಗೆ ಹೆಸರಿಟ್ಟನು. ಹೀಗೆ ನಮ್ಮ ನೆಲದ ಗಿಡಗಳನ್ನು ಹೊರಗಿನವರು ನಿಂತು ನೋಡಿದರು, ಒಣಗಿಸಿ ಕಟ್ಟಿಟ್ಟರು, ಹೆಸರಿಟ್ಟರು. ಅವರ ಶ್ರದ್ಧೆಗೆ ನಾವು ಋಣಿಗಳು. ಆದರೆ ಆ ಗಿಡಗಳನ್ನು ಅವರಿಗೆ ತೋರಿಸಿಕೊಟ್ಟಿರಬಹುದಾದ ಹಳ್ಳಿಗರು ಅವನ್ನು ಏನೆಂದು ಕರೆಯುತ್ತಿದ್ದರೆಂಬುದು ಗಿಡದ ಶಾಸ್ತ್ರನಾಮದಲ್ಲಿ ಉಳಿಯಲಿಲ್ಲ.

ಮೂರನೆಯ ಪ್ರಶ್ನೆಗೆ ಉತ್ತರ ಕೊಡದೆ ಮುಗಿಸಿದರೆ ಆ ಹುಡುಗನಿಗೆ ಅನ್ಯಾಯವಾದೀತು. ಬಿಳಿಯ ಇಂಗ್ಲಿಷ್ ಲ್ಯಾವೆಂಡರು ಸೊಲ್ಲಾಪುರದಲ್ಲಿ ಬೆಳೆದೀತೇ? ಕುಂಡದಲ್ಲಿ, ಕಷ್ಟಪಟ್ಟರೆ, ಬದುಕೀತು. ತವರಿನಲ್ಲಿ ಹೂಬಿಡುವಂತೆ ಇಲ್ಲಿ ಬಿಡಲಾರದು. ನಮ್ಮ ಎರೆಮಣ್ಣಿನಲ್ಲಿ ಸುಣ್ಣದ ಅಂಶವಿರುವುದು ಅದಕ್ಕೆ ಹಿತವೇ. ಆದರೆ ಎರೆ ನೀರನ್ನು ಹಿಡಿದಿಡುತ್ತದೆ, ಬೇರು ಕೊಳೆಯುತ್ತದೆ. ನಮ್ಮ ಬೇಸಗೆಯಲ್ಲಿ ಉಷ್ಣಮಾನ ನಲವತ್ತು ಡಿಗ್ರಿಯನ್ನು ಮೀರುತ್ತದೆ. ಬಿಸಿಲಿಗಿಂತಲೂ ಅದಕ್ಕೆ ಕೇಡು ಮಾಡುವುದು ಭಾದ್ರಪದದ ಮಳೆಯ ಸೆಕೆ ಮತ್ತು ತೇವ. ಎಲ್ಲಕ್ಕೂ ಮಿಗಿಲಾಗಿ, ತುಂಬ ಹೂಬಿಡಬೇಕಾದರೆ ಆ ಗಿಡಕ್ಕೆ ಕೆಲವು ವಾರಗಳ ಕಡುಚಳಿ ಬೇಕು. ನಮ್ಮ ಮಾಗಿಯ ಚಳಿ ಅದಕ್ಕೆ ಸಾಲದು. ಇಂದು ನಮ್ಮ ದೇಶದಲ್ಲಿ ಲ್ಯಾವೆಂಡರಿನ ಬೆಳೆ ಹಬ್ಬಿರುವುದು ಕಾಶ್ಮೀರದ ಕಣಿವೆಯಲ್ಲಿ ಮತ್ತು ಜಮ್ಮುವಿನ ಭದರವಾಹದ ಬೆಟ್ಟಗಳಲ್ಲಿ ಎಂಬುದರಿಂದಲೇ ಇದು ತಿಳಿಯುತ್ತದೆ.

ಆದರೂ ಶಾಲೆಯ ಅಂಗಳದಲ್ಲಿ ಒಂದು ಕುಂಡವನ್ನಿಟ್ಟು ಪರೀಕ್ಷಿಸುವುದರಿಂದ ಮಕ್ಕಳು ಕಲಿಯುವುದು ಬಹಳವಿದೆ. ತಳದಲ್ಲಿ ತೂತಿರುವ ಮಣ್ಣಿನ ಕುಂಡವನ್ನು ತೆಗೆದುಕೊಳ್ಳಬೇಕು. ಒಂದು ಪಾಲು ಮಣ್ಣಿಗೆ ಒಂದು ಪಾಲು ದಪ್ಪ ಉಸುಕು, ಒಂದು ಪಾಲು ಸಣ್ಣ ಹರಳು ಬೆರೆಸಬೇಕು. ಗೊಬ್ಬರ ತೀರ ಕಡಿಮೆ ಸಾಕು. ದಸರೆಯ ಬಳಿಕ, ಮಳೆ ಹಿಂದಾದ ಮೇಲೆ, ಹೂವಿಲ್ಲದ ರೆಂಬೆಯ ಮೂರು ನಾಲ್ಕು ಅಂಗುಲದ ತುಂಡನ್ನು, ಕೆಳಗಿನ ಎಲೆಗಳನ್ನು ತೆಗೆದು ನೆಡಬೇಕು. ಮೇಲಿನ ಮಣ್ಣು ಒಣಗಿದ ಮೇಲೆಯೇ ಬುಡಕ್ಕೆ ನೀರು ಹಾಕಬೇಕು. ಚಳಿಗಾಲದಲ್ಲಿ ಪೂರ್ಣ ಬಿಸಿಲು, ಹೋಳಿಯ ಹುಣ್ಣಿಮೆಯಿಂದ ಮುಂದೆ ಬೆಳಗಿನ ಬಿಸಿಲು ಮಾತ್ರ, ಮಳೆಗಾಲದಲ್ಲಿ ಪಡಸಾಲೆಯ ಆಸರೆ. ಅದರ ಪಕ್ಕದಲ್ಲಿಯೇ ಒಂದು ಮರುಗದ ಕುಂಡವನ್ನೂ ಒಂದು ತುಂಬೆಯ ಗಿಡವನ್ನೂ ಇಟ್ಟುಕೊಂಡರೆ ಲೇಸು. ಮೂರರ ಕಾಂಡವನ್ನೂ ಬೆರಳಿನಿಂದ ಹೊರಳಿಸಿ ನೋಡಿದ ಮಗು, ನಾಲ್ಕು ಮೂಲೆಗಳು ತಾಗಿದೊಡನೆ, ಇವು ಒಂದೇ ಮನೆತನದವು ಎಂದು ತಾನೇ ಹೇಳುತ್ತದೆ.

ನಮ್ಮ ಶಾಲೆಯ ಮಕ್ಕಳು ಕುಂಡಕ್ಕಿಂತ ಮೊದಲು ಬದುವಿಗೆ ಹೋದರು. ದಸರೆಯ ರಜೆಗೆ ಮುನ್ನ ಗರಿಯೆಲೆಯ ಆ ಬಿಳಿಯ ಗಿಡವನ್ನು ಹುಡುಕಿ ಒಂದು ರೆಂಬೆಯನ್ನು ತಂದರು. ಹಳೆಯ ಪತ್ರಿಕೆಗಳ ನಡುವೆ ಒತ್ತಿ ಒಣಗಿಸಿ ಒಂದು ವಹಿಯಲ್ಲಿ ಹೊಲಿದರು. ವಹಿಯಲ್ಲಿ ಮೂರು ಖಾನೆಗಳಿದ್ದವು: ಶಾಸ್ತ್ರದ ಹೆಸರು, ಮರಾಠಿ ಹೆಸರು, ಕನ್ನಡ ಹೆಸರು. ಮೊದಲೆರಡು ತುಂಬಿದವು. ಮೂರನೆಯದಕ್ಕಾಗಿ, ಲಾವಂಚದ ಪ್ರಶ್ನೆ ಕೇಳಿದ ಹುಡುಗಿ ಇನ್ನೊಂದು ರೆಂಬೆಯನ್ನು ಮನೆಗೆ ಒಯ್ದು ತನ್ನ ಅಜ್ಜಿಗೆ ತೋರಿಸಿದಳು. ಎಂಬತ್ತು ದಾಟಿದ ಆ ತಾಯಿ ಎಲೆಯನ್ನು ತಿಕ್ಕಿ ಮೂಸಿ ನೋಡಿ, ತಾನು ಸಣ್ಣವಳಿದ್ದಾಗ ದನ ಕಾಯುತ್ತ ಈ ಗಿಡವನ್ನು ಕಂಡದ್ದುಂಟೆಂದಳು. “ಇದಕ್ಕ ಹೆಸರದ ತಂಗಿ. ನಾಲಿಗಿ ತುದಿಗೆ ಅದ, ಹೊರಗ ಬರವಲ್ದು” ಎಂದಳಂತೆ. ಮರುದಿನ ನೆನಪಿಗೆ ಬಂದೀತೆಂದು ಕಾದರು, ಬರಲಿಲ್ಲ. ಆ ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡಳು.

೧೯೫೬ರ ನವೆಂಬರ್ ೧ರಂದು ರಾಜ್ಯಗಳು ಪುನರ್ರಚನೆಗೊಂಡಾಗ ಸೊಲ್ಲಾಪುರ, ಅಕ್ಕಲಕೋಟೆಗಳು ಮುಂಬಯಿ ರಾಜ್ಯದಲ್ಲಿ ಉಳಿದವು. ೧೯೬೦ರ ಮೇ ೧ರಿಂದ ಮಹಾರಾಷ್ಟ್ರದಲ್ಲಿವೆ. ಆ ರೇಖೆಯ ಎರಡೂ ಬದಿಗೆ ಹೊಲಗಳು ಒಂದೇ ಬಗೆಯವು, ಬದುಗಳ ಮೇಲಿನ ಗಿಡಗಳೂ ಒಂದೇ ಬಗೆಯವು. ಇಲ್ಲಿಯ ಕನ್ನಡ ಶಾಲೆಯ ಮಗು ಗಿಡದ ಹೆಸರನ್ನು ಪೇಟೆಯಲ್ಲಿ ಮರಾಠಿಯಲ್ಲಿ ಕೇಳುತ್ತದೆ, ಸಾಬೂನಿನ ಕಾಗದದ ಮೇಲೆ ಇಂಗ್ಲಿಷಿನಲ್ಲಿ ಓದುತ್ತದೆ. ಎರಡೂ ಒಳ್ಳೆಯವೇ, ಎರಡನ್ನೂ ಅದು ಕಲಿಯಲಿ. ಕನ್ನಡದ ಹೆಸರು ಮಾತ್ರ ಹಿರಿಯರ ಬಾಯಲ್ಲಿದೆ, ಆ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಬಿಳಿಯ ಲ್ಯಾವೆಂಡರಿನಂತೆ ಹೆಸರು ಕೂಡ ಕೈಯಿಂದ ಕೈಗೆ ಕೊಟ್ಟರೆ ಮಾತ್ರ ಉಳಿಯುವಂಥದು.

ಆದುದರಿಂದ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಇಂಡಿ, ಅಫಜಲಪುರ, ಆಳಂದ ಈ ಸೀಮೆಯ ಶಿಕ್ಷಕ ಬಂಧುಗಳಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನನ್ನದೊಂದು ವಿನಂತಿ. ಬರುವ ದಸರೆಯ ಹೊತ್ತಿಗೆ ನಿಮ್ಮ ಊರಿನ ಬದುಗಳನ್ನು ಸುತ್ತಿರಿ. ಗರಿಯೆಲೆಯ, ನಾಲ್ಕು ಮೂಲೆಯ ಕಾಂಡದ, ಬಿಳಿತೆನೆಯ ಗಿಡ ಸಿಕ್ಕರೆ ಒಂದೇ ಒಂದು ರೆಂಬೆಯನ್ನು ತಂದು ಊರಿನ ಹಿರಿಯರಿಗೆ ತೋರಿಸಿರಿ. ಅವರು ಹೇಳಿದ ಹೆಸರನ್ನು ಅವರು ಹೇಳಿದಂತೆಯೇ, ತಿದ್ದದೆ, ಊರು ತಿಂಗಳುಗಳೊಡನೆ ಬರೆದಿಡಿರಿ; ಈ ಪತ್ರಿಕೆಗೂ ತಿಳಿಸಿರಿ. ನಮ್ಮ ಶಾಲೆಯ ವಹಿಯಲ್ಲಿ ಮೂರನೆಯ ಖಾನೆ ಇನ್ನೂ ಖಾಲಿಯಾಗಿಯೇ ಇದೆ. ಅದನ್ನು ತುಂಬಲು ಆ ಹುಡುಗಿ ಪೆನ್ಸಿಲನ್ನು ಚೂಪು ಮಾಡಿ ಇಟ್ಟುಕೊಂಡಿದ್ದಾಳೆ.